ಹನ್ನೊಂದನೆಯ ಪ್ರಶ್ನೆಗೆ ಉತ್ತರ

ಹೈದರಾಬಾದಿನ ನಾರಾಯಣಗೂಡದಲ್ಲಿ ಎರಡು ಕೋಚಿಂಗ್ ಸೆಂಟರುಗಳ ನಡುವೆ ಸಿಕ್ಕಿಕೊಂಡ ಒಂದು ಹಳೆಯ ಸರ್ಕಾರಿ ಕಟ್ಟಡವಿತ್ತು. ಅದರ ಮೊದಲ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿಗೆ ಕುಳಿತು, ದತ್ತಾತ್ರೇಯರು ಹತ್ತೊಂಬತ್ತು ವರ್ಷ ಜಿನೀವಾಕ್ಕೆ ಉತ್ತರ ಬರೆದರು. ಜಿನೀವಾ ಹೇಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕಲಬುರಗಿಯಲ್ಲಿ ಹುಟ್ಟಿ, ತಂದೆಯ ನೌಕರಿಯ ಬೆನ್ನಿಗೆ ಎಂಟನೇ ವಯಸ್ಸಿನಲ್ಲಿ ಹೈದರಾಬಾದಿಗೆ ಬಂದವರು. ಅತ್ತ ವಿಜಯವಾಡ, ಇತ್ತ ಪಂಢರಪುರ ದಾಟಿ ಹೋದವರಲ್ಲ. ಆದರೆ ಆ ಊರಿನ ವಿಳಾಸವನ್ನು ನಿದ್ದೆಯಲ್ಲಿ ಕೇಳಿದರೂ ಪಿನ್‌ಕೋಡ್ ಸಮೇತ ಹೇಳುತ್ತಿದ್ದರು.

ಸ್ವಾತಂತ್ರ್ಯ ಬಂದ ಹೊಸತರಲ್ಲೇ ನಮ್ಮ ದೇಶ ಅಲ್ಲಿಯ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಂದು ಒಡಂಬಡಿಕೆಗೆ ಒಪ್ಪಿಗೆ ಕೊಟ್ಟಿದೆ. ಜನ ದುಡಿಯುವ ಜಾಗಗಳನ್ನು ಸರ್ಕಾರ ತಪಾಸಣೆ ಮಾಡಬೇಕು, ಅವರ ದೂರು ಕೇಳಬೇಕು ಎನ್ನುವುದು ಅದರ ಸಾರ. ಕೊಟ್ಟ ಮಾತು ನಡೆಯುತ್ತಿದೆಯೇ ಎಂದು ಅವರು ಕೇಳುತ್ತಾರೆ, ದೆಹಲಿ ಆ ಪ್ರಶ್ನೆಗಳನ್ನು ರಾಜ್ಯಗಳಿಗೆ ಹಂಚುತ್ತದೆ, ರಾಜ್ಯಗಳ ಪಾಲು ಕೆಳಗಿಳಿಯುತ್ತ ಇಳಿಯುತ್ತ ಕೊನೆಗೆ ಯಾರೋ ಒಬ್ಬ ಗುಮಾಸ್ತರ ಮೇಜಿಗೆ ಬಂದು ನಿಲ್ಲುತ್ತದೆ. ಇಲ್ಲಿ ಆ ಗುಮಾಸ್ತರು ದತ್ತಾತ್ರೇಯರು. ಅವರ ಮೇಜಿಗೆ ಬರುತ್ತಿದ್ದ ನಮೂನೆಯಲ್ಲಿ ಹನ್ನೊಂದನೆಯ ಪ್ರಶ್ನೆ ಹೀಗಿತ್ತು: ದೂರು ಕೊಟ್ಟ ಕಾರ್ಮಿಕರ ಹೆಸರನ್ನು ಗುಟ್ಟಾಗಿ ಇಡಲಾಗುತ್ತಿದೆಯೇ? ಈ ವರ್ಷ ಯಾರದಾದರೂ ಹೆಸರು ಬಯಲಾಗಿದೆಯೇ? ಮೊದಲ ಭಾಗಕ್ಕೆ ‘ಹೌದು’, ಎರಡನೆಯದಕ್ಕೆ ‘ಇಲ್ಲ’ ಎಂದು ಹತ್ತೊಂಬತ್ತು ವರ್ಷವೂ ಅವರೇ ಬರೆದಿದ್ದರು. ಬರೆಯುವಾಗ ಅವರಿಗೆ ನಿಜವಾಗಿಯೂ ಹೆಮ್ಮೆಯಾಗುತ್ತಿತ್ತು.

ಅವರ ಹೆಂಡತಿ ಅಂಬುಬಾಯಿಗೆ ಆ ಹೆಮ್ಮೆಯ ಮೇಲೆ ಗೌರವವಿರಲಿಲ್ಲ. “ಇಷ್ಟು ವರ್ಷ ಕಾಗದ ಬರದೀರಿ, ಅವರು ಒಮ್ಮೆರ ಚಾಕ್ಕ ಕರದಾರೇನು?” ಎಂದು ಒಗ್ಗರಣೆ ಹಾಕುತ್ತ ಕೇಳುತ್ತಿದ್ದರು.

“ಕಾಗದಕ್ಕ ಕಾಗದ ಬರತದ. ಅದು ದೊಡ್ಡದಲ್ಲೇನು?”

“ದೊಡ್ಡದ ಖರೆ. ನೀರಿನ ಬಿಲ್ಲೂ ಹಂಗ ಬರತದ.”

ಕಚೇರಿಯಲ್ಲಿ ಮಾತ್ರ ಅವರ ಮಾತಿಗೆ ತೂಕವಿತ್ತು. ಲಗತ್ತುಗಳ ವಿಷಯದಲ್ಲಿ ಅವರು ಕಠಿಣ. ಪತ್ರದ ಕೊನೆಯಲ್ಲಿ ‘ಲಗತ್ತು: ಮೂರು’ ಎಂದು ಬರೆದು ಒಳಗೆ ಎರಡೇ ಇಟ್ಟು ಕಳಿಸಿದ ಹುಡುಗರನ್ನು ಎಲ್ಲರೆದುರು ನಿಲ್ಲಿಸಿ ಬಯ್ದಿದ್ದರು. ಲಗತ್ತು ಇಲ್ಲದ ಪತ್ರವೆಂದರೆ ಅವರ ಪಾಲಿಗೆ ಗುಂಡಿ ಹಾಕದ ಅಂಗಿಯಲ್ಲಿ ಕಚೇರಿಗೆ ಬಂದ ಹಾಗೆ.

ಎರಡು ಸಾವಿರದ ಆರನೇ ಇಸವಿಯ ಆಗಸ್ಟಿನಲ್ಲಿ, ಅವರ ನಿವೃತ್ತಿಗೆ ಮೂರು ತಿಂಗಳು ಉಳಿದಿದ್ದಾಗ, ಜಿನೀವಾ ಸಂಸ್ಥೆಯ ಇಬ್ಬರು ತಾವಾಗಿಯೇ ಹೈದರಾಬಾದಿಗೆ ಬಂದರು. ಸಾಫ್ಟ್‌ವೇರ್ ಕಂಪನಿಗಳಿಗಾಗಿ ಮಣಿಕೊಂಡದ ಆಚೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅವುಗಳಲ್ಲಿ ಒಂದನ್ನು ಅವರು ನೋಡಬೇಕಿತ್ತು. ಅಲ್ಲಿ ದುಡಿಯುವವರಲ್ಲಿ ಅರ್ಧ ಮಂದಿ ಸುರಪುರ, ಯಾದಗಿರಿ ಕಡೆಯವರು. ಕಚೇರಿಯ ಅಧಿಕಾರಿ ನಲಿನಿ ಮೇಡಂಗೆ ತೆಲುಗು, ಇಂಗ್ಲಿಷ್ ಬರುತ್ತಿತ್ತೇ ಹೊರತು ಕನ್ನಡ ಬಾರದು. ಹಾಗಾಗಿ ದತ್ತಾತ್ರೇಯರು ದುಭಾಷಿಯಾದರು. ಆ ದಿನ ಅವರು ತಮ್ಮ ಪ್ಯಾಂಟನ್ನು ತಾವೇ ಎರಡು ಸಲ ಇಸ್ತ್ರಿ ಮಾಡಿಕೊಂಡರು.

ಸೈಟಿನಲ್ಲಿ ಹನ್ನೆರಡು ಜನ ಕೂಲಿಯವರನ್ನು ಸಾಲಾಗಿ ನಿಲ್ಲಿಸಿದ್ದರು. ಎಲ್ಲರ ತಲೆಯ ಮೇಲೂ ಹಳದಿ ಹೆಲ್ಮೆಟ್ಟು. ಎರಡು ಮೂರರ ಮೇಲಿನ ಪ್ಲಾಸ್ಟಿಕ್ ಕವರನ್ನು ತೆಗೆದೂ ಇರಲಿಲ್ಲ. ಜಿನೀವಾದಿಂದ ಬಂದ ಇಬ್ಬರಲ್ಲಿ ಒಬ್ಬಳಾದ ಬಿಳಿಗೂದಲ ಹೆಂಗಸು ಸಾಲನ್ನು ನೋಡುತ್ತ ಹೋಗಿ, ಸೆರಗಿನ ಮೇಲೆ ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದ ಒಬ್ಬಳ ಮುಂದೆ ನಿಂತಳು. ಇವಳೊಡನೆ ಮಾತಾಡಬೇಕು, ಸೈಟಿನವರು ಯಾರೂ ಹತ್ತಿರ ಇರಬಾರದು ಎಂದಳು. ಸೈಟಿನ ಮ್ಯಾನೇಜರ್ ವಿಶ್ವಜಿತ್ ನಗುನಗುತ್ತಲೇ ಐವತ್ತು ಹೆಜ್ಜೆ ದೂರ ಹೋಗಿ ನಿಂತ. ಅವನ ಅಜ್ಜ ಬೀದರಿನವರು. ಮನೆಯ ಕನ್ನಡ ಅವನ ಬಾಯಲ್ಲಿ ಅರ್ಧ ಹಿಂದಿಯಾಗಿತ್ತು.

ಕೂಲಿ ಹೆಂಗಸಿನ ಹೆಸರು ಬಸಲಿಂಗಮ್ಮ. ಮೊದಲು ಎಲ್ಲದಕ್ಕೂ ತಲೆ ಆಡಿಸಿದಳು. ಕೆಲಸ ಚಲೋ ಐತಿ, ನೀರು ಐತಿ, ಎಲ್ಲಾ ಐತಿ. ದತ್ತಾತ್ರೇಯರು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ನಡುವೆ ಒಮ್ಮೆ ತಡೆಯಲಾರದೆ ತಮ್ಮದೇ ಒಂದು ಪ್ರಶ್ನೆ ಕೇಳಿದರು.

“ಸುರಪುರದ ಹತ್ತರ ಯಾವೂರು ತಂಗಿ?”

ಅವಳು ತಲೆ ಎತ್ತಿದಳು. “ನೀವು ನಮ್ಮ ಕಡ್ಯಾವ್ರೇನ್ರಿ?”

“ಕಲಬುರಗಿ.”

“ಹಂಗನ್ರಿ. ಮಾತು ಕೇಳಿ ನನಗನಸ್ತು.” ಐವತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ವಿಶ್ವಜಿತ್ ಕಡೆ ಒಮ್ಮೆ ನೋಡಿದಳು. “ಒಂದ್ ಮಾತು ಹೇಳೂದೈತ್ರಿ. ಆದ್ರ ನನ್ನ ಹೆಸರು ಅವರಿಗೆ ಗೊತ್ತಾಗಬಾರದು.”

ಬಿಳಿಗೂದಲ ಹೆಂಗಸು ಹೇಳಿದಳು, ಹೆಸರು ಬಯಲಾಗುವುದಿಲ್ಲ, ಇದು ನಿಮ್ಮ ದೇಶ ನಮಗೆ ಕೊಟ್ಟ ಮಾತು ಎಂದು. ದತ್ತಾತ್ರೇಯರು ಅಷ್ಟನ್ನೇ ಹೇಳಿದ್ದರೆ ಸಾಕಿತ್ತು. ಅವರು ಅದಕ್ಕೆ ತಮ್ಮದನ್ನೂ ಸೇರಿಸಿದರು: “ಸರ್ಕಾರದ ಮಾತು ಬಿಡು ತಂಗಿ, ನಾ ಮಾತು ಕೊಡ್ತೀನಿ.”

ಆಗ ಅವಳು ಹೇಳಿದಳು. ಗಂಡ ಲಿಂಗಣ್ಣ ಇಪ್ಪತ್ಮೂರು ದಿನದ ಹಿಂದೆ ನಾಲ್ಕನೇ ಮಹಡಿಯ ಅಂಚಿನಲ್ಲಿ ಸೆಂಟ್ರಿಂಗ್ ಹಲಗೆ ಬಿಚ್ಚುವಾಗ ಕೆಳಗೆ ಬಿದ್ದ. ಸೊಂಟ ಮುರಿದಿದೆ. ಒಂದು ದವಾಖಾನೆಯಲ್ಲಿ ಪಟ್ಟಿ ಕಟ್ಟಿ, ಆಪರೇಷನ್ನಿಗೆ ಸೈಟಿನವರ ಚೀಟಿ ತನ್ನಿ ಎಂದು ಕಳಿಸಿದರು. ಸೈಟಿನವರು, ಅವನು ಕುಡಿದು ಗೇಟಿನ ಹೊರಗೆ ಬಿದ್ದಿದ್ದಾನೆ, ನಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ಅವನೀಗ ಏಳನೇ ನಂಬರಿನ ತಗಡಿನ ಶೆಡ್ಡಿನಲ್ಲಿ ಮಲಗಿದಲ್ಲೇ ಮಲಗಿದ್ದಾನೆ.

“ಅಂವ ಇಲ್ಲೇ ಬಿದ್ದಾನ ಅಂತ ಒಂದ ಸಾಲು ಬರಸ್ರಿ ಅಣ್ಣಾರ. ಅಷ್ಟ ಬರದ್ರ ದವಾಖಾನಿಯವರು ಒಳಗ ತೊಗೋತಾರ. ಮತ್ತೇನೂ ಬ್ಯಾಡ.”

ಬಿಳಿಗೂದಲ ಹೆಂಗಸು ಎಲ್ಲವನ್ನೂ ಬರೆದುಕೊಂಡಳು, ಹೆಸರೊಂದನ್ನು ಬಿಟ್ಟು.

ಎರಡು ವಾರದ ನಂತರ ಅವರ ಟಿಪ್ಪಣಿ ದೆಹಲಿಯ ಮೂಲಕ ನಾರಾಯಣಗೂಡಕ್ಕೆ ಬಂತು. ಒಬ್ಬ ಕೆಲಸಗಾರ್ತಿ ಹೀಗೆ ಹೇಳಿದ್ದಾಳೆ, ವಿಚಾರಿಸಿ ತಿಳಿಸಿ ಎಂದಿತ್ತು. ನಲಿನಿ ಮೇಡಂ ಅದನ್ನು ತಿರುವಿ ನೋಡಿ ತೆಲುಗಿನಲ್ಲಿ ಹೇಳಿದರು: “ಹೆಸರಿಲ್ಲ, ಸಹಿ ಇಲ್ಲ. ಇದು ಮೂಗರ್ಜಿ. ಮೂಗರ್ಜಿಯ ಮೇಲೆ ಕ್ರಮ ಇಲ್ಲ. ಫೈಲ್ ಮುಚ್ಚಿಬಿಡಿ.”

ಮೇಡಂ ಹೇಳಿದ್ದು ನಿಯಮವೇ. ಆದರೆ ಶೆಡ್ಡಿನಲ್ಲಿ ಮಲಗಿದ್ದ ಮನುಷ್ಯ ದತ್ತಾತ್ರೇಯರ ಕಣ್ಣ ಮುಂದೆ ಬಂದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ಪ್ರಶ್ನೆಗೆ ಮುಖವಿತ್ತು, ಮುಖಕ್ಕೆ ಊರಿತ್ತು. “ಹೆಸರು ನನಗೆ ಗೊತ್ತಿದೆ ಮೇಡಂ, ಬರೆದುಕೊಡುತ್ತೇನೆ” ಎಂದರು. ಅಂದೇ ಮಧ್ಯಾಹ್ನ ಒಂದು ಹಾಳೆಯಲ್ಲಿ ಬಸಲಿಂಗಮ್ಮ, ಗಂಡ ಲಿಂಗಣ್ಣ, ಊರು, ಶೆಡ್ ನಂಬರ್ ಏಳು ಎಂದೆಲ್ಲ ಅಚ್ಚುಕಟ್ಟಾಗಿ ಬರೆದು, ಮೇಲೆ ಕೆಂಪು ಶಾಯಿಯಲ್ಲಿ ‘ಗೌಪ್ಯ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಮೂಗರ್ಜಿ ಅರ್ಜಿಯಾಯಿತು. ನಲಿನಿ ಮೇಡಂ ಬದಿಯಲ್ಲಿ ಎಲ್ಲ ಅರ್ಜಿಗಳಿಗೂ ಬರೆಯುವಂತೆ ಬರೆದರು: ಗುತ್ತಿಗೆದಾರರಿಂದ ವಿವರಣೆ ಪಡೆಯಿರಿ.

ಗುತ್ತಿಗೆದಾರರಿಗೆ ಹೋಗುವ ಪತ್ರವನ್ನು ಟೈಪ್ ಮಾಡಿದವಳು ಸಂಪದಾ. ಬೀದರಿನ ಹುಡುಗಿ, ಅಮೀರ್‌ಪೇಟೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಸಾಫ್ಟ್‌ವೇರ್ ಕೆಲಸ ಸಿಗದೆ, ಇಲ್ಲಿ ಗುತ್ತಿಗೆ ಮೇಲೆ ಆಪರೇಟರ್ ಆಗಿದ್ದಳು. ಲಕೋಟೆ ಮುಚ್ಚುವ ಮೊದಲು ಮೂರನೇ ಲಗತ್ತನ್ನು, ಕೆಂಪು ಶಾಯಿಯ ಆ ಹಾಳೆಯನ್ನು, ಕೈಯಲ್ಲೇ ಹಿಡಿದುಕೊಂಡು ನಿಂತಳು.

“ಸರ್, ಇದನ್ನೂ ಗುತ್ತಿಗೆದಾರರಿಗೇ ಕಳಸೂದೇನ್ರಿ? ಇದರಾಗ ಆಕಿ ಹೆಸರದ.”

“ಲಗತ್ತು ಎಷ್ಟಂತ ಬರದದ?”

“ಮೂರು.”

“ಹಂಗಾದ್ರ ಎಷ್ಟ್ ಹೋಗಬೇಕು?”

“ಅದು ಖರೆ ಸರ್, ಆದ್ರ...”

“ಮ್ಯಾಲ ಗೌಪ್ಯ ಅಂತ ಕೆಂಪಾಗಿ ಬರದೀನಿ. ಓದಿದಾಂವಗ ಅದನ್ನ ಗೌಪ್ಯ ಇಡೂ ಜವಾಬ್ದಾರಿ ಇರತದ. ಅಮೀರ್‌ಪೇಟ್‌ನ್ಯಾಗ ಇದನ್ನ ಕಲಸೂದಿಲ್ಲ.”

ಆಚೆ ಮೇಜಿನವರು ನಕ್ಕರು. ಸಂಪದಾ ಮುಖ ಕೆಂಪು ಮಾಡಿಕೊಂಡು ಮೂರೂ ಹಾಳೆಗಳನ್ನು ಲಕೋಟೆಗೆ ಹಾಕಿದಳು.

ಉತ್ತರ ಐದೇ ದಿನದಲ್ಲಿ ಬಂತು. ಅಂಥ ಹೆಸರಿನ ಹೆಂಗಸಾಗಲಿ ಗಂಡಸಾಗಲಿ ನಮ್ಮಲ್ಲಿ ಎಂದೂ ಕೆಲಸ ಮಾಡಿಲ್ಲ, ಹಾಜರಿ ಪುಸ್ತಕದ ನಕಲು ಲಗತ್ತಿಸಿದೆ ಎಂದಿತ್ತು. ದತ್ತಾತ್ರೇಯರು ಆ ನಕಲನ್ನು ಬೆಳಕಿಗೆ ಹಿಡಿದು ನೋಡಿದರು. ಎರಡು ವರ್ಷದ ಹಾಜರಿ, ಒಂದೇ ಕೈಬರಹ, ಒಂದೇ ಪೆನ್ನು; ಒಂದು ಕಡೆಯೂ ಶಾಯಿ ಮಾಸಿಲ್ಲ, ಹಾಳೆಯ ಮೂಲೆ ಮಡಚಿಲ್ಲ. ಇಷ್ಟು ಚೊಕ್ಕಟವಾದ ಹಾಜರಿ ಪುಸ್ತಕವನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ.

ಮರುದಿನ ಬಸಲಿಂಗಮ್ಮ ಕೇಳಿಕೊಂಡು ಕೇಳಿಕೊಂಡು ಕಚೇರಿಗೆ ಬಂದಳು. ಮೂರು ಬಸ್ಸು ಬದಲಿಸಿದ್ದಳು. ಕುರ್ಚಿ ತೋರಿಸಿದರೂ ಕೂರದೆ ದತ್ತಾತ್ರೇಯರ ಮೇಜಿನ ಪಕ್ಕ ನೆಲದ ಮೇಲೆ ಕುಳಿತಳು. ಅವಳನ್ನು ಕೆಲಸದಿಂದ ಬಿಡಿಸಿದ್ದರು. ಏಳನೇ ಶೆಡ್ಡಿನ ನಲ್ಲಿ ಬಂದ್ ಮಾಡಿದ್ದರು. ಪಕ್ಕದ ಶೆಡ್ಡಿನವರು ನೀರು ಕೊಟ್ಟರೆ ಅವರಿಗೂ ಇದೇ ಗತಿ ಎಂದು ಮೇಸ್ತ್ರಿ ಹೇಳಿದ್ದನಂತೆ. ಒಂದೇ ಊರಿನಿಂದ ಒಂದೇ ಲಾರಿಯಲ್ಲಿ ಬಂದವರು ಈಗ ಅವಳನ್ನು ಕಂಡರೆ ಕೊಡ ಹಿಂದೆ ಸರಿಸುತ್ತಾರಂತೆ. ನಾಳಿದ್ದಿನೊಳಗೆ ಶೆಡ್ ಖಾಲಿ ಮಾಡಬೇಕು.

“ಯಾವನೋ ನನ್ನ ಹೆಸರು ಹೇಳ್ಯಾನ್ರಿ ಅಣ್ಣಾರ,” ಎಂದಳು. “ನನ್ನ ಕೂಡ ಸಾಲಿನ್ಯಾಗ ನಿಂತಾವ್ರೊಳಗ ಯಾರೋ ಒಬ್ಬ. ಅವನ ಬಾಯಾಗ ಹುಳಾ ಬೀಳಲಿ. ನಿಮ್ಮನ್ನ ಬಿಟ್ರ ಈ ಊರಾಗ ನನಗ ಯಾರದಾರ್ರಿ. ಆ ಒಂದ ಸಾಲು ಬರದಾರೇನು?”

ಆಚೆ ಸಂಪದಾ ಟೈಪ್ ಮಾಡುತ್ತಿದ್ದ ಕೈ ನಿಲ್ಲಿಸಿದಳು. ದತ್ತಾತ್ರೇಯರು ಅವಳ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಪೇಪರ್‌ವೇಟನ್ನು ಎತ್ತಿ ಅಲ್ಲೇ ಇಟ್ಟರು.

“ವಿಚಾರಣೆ ನಡದದ ತಂಗಿ,” ಎಂದರು. “ನೀ ಹೋಗು, ನಾ ನೋಡ್ತೀನಿ.”

ಅವಳು ಎದ್ದು, ಬಾಗಿಲಲ್ಲಿ ನಿಂತು, ಯಾವ ನಂಬರಿನ ಬಸ್ಸು ಹಿಡಿಯಬೇಕು ಎಂದು ಸಂಪದಾಳನ್ನು ಕೇಳಿ ಹೋದಳು. ಅವಳ ಹೆಜ್ಜೆ ಮೆಟ್ಟಿಲಿಳಿದ ಮೇಲೆ ಸಂಪದಾ ಪರದೆಯನ್ನೇ ನೋಡುತ್ತ ಹೇಳಿದಳು: “ಬಾಯಾಗ ಹುಳಾ ಬೀಳಲಿ ಅಂದ್ಳು ಸರ್. ಬರಕೊಳ್ಳೇನು?”

ಆ ವಾರವೇ ಜಿನೀವಾದ ವಾರ್ಷಿಕ ನಮೂನೆ ಹೋಗಬೇಕಿತ್ತು. ಈ ಸಲ ಬಿಳಿಗೂದಲ ಹೆಂಗಸು ಅದನ್ನು ಓದುವವಳು. ಹನ್ನೊಂದನೆಯ ಪ್ರಶ್ನೆಯ ಉತ್ತರವನ್ನು ಎರಡು ಸಲ ಓದುವವಳು. ನಲಿನಿ ಮೇಡಂ ಬಾಗಿಲು ಹಾಕಿಸಿ ದತ್ತಾತ್ರೇಯರನ್ನು ಕೂರಿಸಿಕೊಂಡರು. ಮೂರನೇ ಲಗತ್ತು ಹೋಗಿದ್ದು ಅವರಿಗೆ ತಿಳಿದಿತ್ತು. “ಹೆಸರು ಬಯಲಾಗಿದೆ ಅಂತ ಬರೆದರೆ ದೇಶದ ಮಾನ ಹೋಗುತ್ತದೆ,” ಎಂದರು. “ನಿಮ್ಮ ಪೆನ್ಷನ್ ಫೈಲೂ ನನ್ನ ಮೇಜಿನ ಮೇಲೇ ಇದೆ, ಅದು ನಿಮಗೆ ಗೊತ್ತು. ಏನು ಬರೆಯೋಣ ಹೇಳಿ.”

ಸುಳ್ಳು ಬರೆಯುವುದು ದತ್ತಾತ್ರೇಯರಿಗೆ ಆಗದ ಮಾತು. ಹತ್ತೊಂಬತ್ತು ವರ್ಷ ಅವರು ಒಂದು ಸುಳ್ಳನ್ನೂ ಬರೆದಿರಲಿಲ್ಲ. ಮೇಜಿಗೆ ಬಂದ ಕಾಗದದಲ್ಲಿ ಇದ್ದದ್ದನ್ನಷ್ಟೇ ಬರೆದಿದ್ದರು. ಅವರು ನಮೂನೆಯನ್ನು ಓದಿದರು, ಗುತ್ತಿಗೆದಾರರ ಉತ್ತರವನ್ನು ಓದಿದರು, ಮತ್ತೆ ನಮೂನೆಯನ್ನು ಓದಿದರು. ಆಗ ಅವರಿಗೆ ಅದು ಹೊಳೆಯಿತು. ಯಾರೂ ಹೇಳಿಕೊಟ್ಟದ್ದಲ್ಲ, ಸ್ವಂತದ್ದು.

“ಪ್ರಶ್ನೆ ಕೇಳಿರುವುದು ದೂರು ಕೊಟ್ಟ ಕಾರ್ಮಿಕರ ಹೆಸರಿನ ಬಗ್ಗೆ, ಮೇಡಂ,” ಎಂದರು ನಿಧಾನವಾಗಿ. “ಹಾಜರಿ ಪುಸ್ತಕದ ಪ್ರಕಾರ ಆಕೆ ಅಲ್ಲಿ ಕಾರ್ಮಿಕಳೇ ಅಲ್ಲ. ಅಂದ ಮೇಲೆ ಯಾವ ಕಾರ್ಮಿಕರ ಹೆಸರೂ ಬಯಲಾಗಿಲ್ಲ.”

ಮೇಡಂ ನಕ್ಕರು. “ಇದಕ್ಕೇ ನಿಮ್ಮನ್ನು ನಿವೃತ್ತಿ ಮಾಡಿಸಬಾರದು ಅನ್ನುವುದು. ಆದರೆ ಆಕೆಯ ಬಾಯಿಂದಲೂ ಅದು ಬರಬೇಕು. ಹಾಗಂತ ಹೇಳಿಕೆ ಬರೆದು ಹೆಬ್ಬೆಟ್ಟು ತನ್ನಿ. ಕನ್ನಡದವರು ನೀವು, ನಿಮ್ಮನ್ನು ನಂಬುತ್ತಾಳೆ.” ಅಲ್ಲಿಂದಲೇ ವಿಶ್ವಜಿತ್‌ಗೆ ಫೋನ್ ಮಾಡಿದರು. ಹೆಬ್ಬೆಟ್ಟು ಒತ್ತಿದರೆ ತನ್ನ ಜೀಪಿನಲ್ಲೇ ಲಿಂಗಣ್ಣನನ್ನು ದವಾಖಾನೆಗೆ ಸೇರಿಸುವುದಾಗಿ ಅವನು ಒಪ್ಪಿದ.

ಆ ಒಂದು ಮಾತನ್ನು ದತ್ತಾತ್ರೇಯರು ಗಟ್ಟಿಯಾಗಿ ಹಿಡಿದುಕೊಂಡರು. ಅವಳು ಕೇಳಿದ್ದು ದವಾಖಾನೆ. ಸಾಲು ಬರೆಯದಿದ್ದರೇನು, ದವಾಖಾನೆ ಸಿಕ್ಕಿತಲ್ಲ. ಮಣಿಕೊಂಡದ ಬಸ್ಸಿನಲ್ಲಿ ಕುಳಿತು ಇದನ್ನು ಎಷ್ಟೋ ಸಲ ಹೇಳಿಕೊಂಡರು.

ಏಳನೇ ಶೆಡ್ಡಿನೊಳಗೆ ತಗಡು ಕಾದು ಉಸಿರು ಕಟ್ಟುತ್ತಿತ್ತು. ಕೊಳೆತ ವಾಸನೆಗೆ ದತ್ತಾತ್ರೇಯರು ಕರವಸ್ತ್ರ ತೆಗೆದು, ಕೆಟ್ಟದಾಗಿ ಕಾಣುತ್ತದೆಂದು ಮತ್ತೆ ಜೇಬಿಗಿಟ್ಟರು. ಲಿಂಗಣ್ಣ ಸೆಂಟ್ರಿಂಗ್ ಹಲಗೆಯ ಮೇಲೆ ಮಲಗಿದ್ದ. ಬೆನ್ನ ಕೆಳಗಿನ ಬಟ್ಟೆ ಒದ್ದೆಯಾಗಿತ್ತು. ನೊಣಗಳನ್ನು ಓಡಿಸುವುದನ್ನು ಅವನು ಬಿಟ್ಟಿದ್ದ.

“ಬರ್ರಿ ಅಣ್ಣಾರ,” ಎಂದ. “ಏಳಾಕ ಆಗೂದಿಲ್ಲ, ತಪ್ಪು ತಿಳೀಬ್ಯಾಡ್ರಿ.”

ವಿಶ್ವಜಿತ್ ಬಾಗಿಲಲ್ಲೇ ನಿಂತ. ಹೊರಗೆ ಜೀಪು ಆಗಲೇ ಚಾಲೂ ಆಗಿ ಗುರ್ ಎನ್ನುತ್ತಿತ್ತು. ದತ್ತಾತ್ರೇಯರು ಕಾಗದ ತೆಗೆದು, ಒಂದು ಶಬ್ದವನ್ನೂ ಬಿಡದೆ ಕನ್ನಡದಲ್ಲಿ ಹೇಳಿದರು. ಮೋಸ ಮಾಡಲಿಲ್ಲ. ತಾನಾಗಲಿ ತನ್ನ ಗಂಡನಾಗಲಿ ಈ ಸೈಟಿನಲ್ಲಿ ಯಾವತ್ತೂ ಕೆಲಸ ಮಾಡಿಲ್ಲ, ಯಾರ ಮೇಲೂ ದೂರಿಲ್ಲ ಎಂದಿತ್ತು. ಓದುವಾಗ, ಇವಳು ಒಲ್ಲೆ ಅಂದರೆ ಚೆನ್ನಾಗಿತ್ತು ಎಂದು ಅವರ ಮನಸ್ಸಿನ ಒಂದು ಮೂಲೆಗೆ ಅನಿಸಿತು.

“ನಾವು ಇಲ್ಲಿ ದುಡದ ಇಲ್ಲಂತ?” ಎಂದಳು ಬಸಲಿಂಗಮ್ಮ.

“ಹಂಗಂತ ಬರದದ.”

“ಮತ್ತ ಇಂವ ಎಲ್ಲಿ ಬಿದ್ದ?”

“ಅದನ್ನ ಬರದಿಲ್ಲ.”

ಲಿಂಗಣ್ಣ ಮಲಗಿದಲ್ಲೇ ನಕ್ಕ. ನಕ್ಕದ್ದು ಸೊಂಟಕ್ಕೆ ತಾಗಿ ಹಲ್ಲು ಕಚ್ಚಿದ. “ಮುಗಿಲಿನಿಂದ ಬಿದ್ದಾನ ಅಂತ ಬರೀರಿ. ಮುಗಿಲಿಗೆ ಮೇಸ್ತ್ರಿ ಇರೂದಿಲ್ಲ.”

“ಸುಮ್ನಿರು,” ಎಂದಳು ಅವಳು. ಜೀಪಿನ ಕಡೆ ನೋಡಿದಳು. “ದವಾಖಾನಿಗೆ ಒಯ್ತಾರಲ್ರಿ? ಅಷ್ಟ ಹೇಳ್ರಿ ಅಣ್ಣಾರ.”

ದತ್ತಾತ್ರೇಯರು ವಿಶ್ವಜಿತ್‌ನನ್ನು ನೋಡಿದರು. “ಬೋಲಾ ನಾ, ಜೀಪ್ ನಿಂತೈತಿ,” ಎಂದ ಅವನು, ಗಡಿಯಾರ ನೋಡುತ್ತ.

“ಒಯ್ತಾರ ತಂಗಿ.”

ಅವಳು ಹೆಬ್ಬೆರಳನ್ನು ಶಾಯಿಗೆ ತಾನೇ ಅದ್ದಿ ಒತ್ತಿದಳು. ಗಂಡನ ಕೈ ಹಿಡಿದು ಅವನದನ್ನೂ ಒತ್ತಿಸಿದಳು. ಅವನ ಬೆರಳು ಅಷ್ಟು ಒರಟಾಗಿತ್ತೆಂದರೆ ಕಾಗದದ ಮೇಲೆ ಗೆರೆಗಳೇ ಮೂಡದೆ ಒಂದು ನೀಲಿ ಕಲೆ ಮಾತ್ರ ಉಳಿಯಿತು. ದತ್ತಾತ್ರೇಯರು ಅದರ ಪಕ್ಕ ಸಾಕ್ಷಿಯಾಗಿ ಸಹಿ ಹಾಕಿ, ಶಾಯಿ ಆರಲೆಂದು ಊದಿದರು.

ಹಲಗೆಯ ಸಮೇತ ಲಿಂಗಣ್ಣನನ್ನು ಎತ್ತಿ ಜೀಪಿನ ಹಿಂಭಾಗಕ್ಕೆ ಹಾಕಿದರು. ಎತ್ತುವಾಗ ಅವನು ಕೂಗಿದ ಕೂಗಿಗೆ ಆಚೆ ಶೆಡ್ಡುಗಳ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಳಗೆ ಹೋದರು. ಬಸಲಿಂಗಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಪಕ್ಕದಲ್ಲಿ ಒಂದು ಗಂಟು, ಒಂದು ಕೊಡ. ದತ್ತಾತ್ರೇಯರು ಡ್ರೈವರ್ ಪಕ್ಕ ಹತ್ತಿದರು. ಅವರನ್ನೂ ಊರೊಳಗೆ ಬಿಡಿಸುತ್ತೇನೆಂದು ವಿಶ್ವಜಿತ್ತೇ ಹೇಳಿದ್ದ.

ಮೆಹದೀಪಟ್ನಂ ದಾಟುವಾಗ ಡ್ರೈವರನ ಮೊಬೈಲು ರಿಂಗಾಯಿತು. ಅವನು ತೆಲುಗಿನಲ್ಲಿ ಹೂಂ ಹೂಂ ಎಂದು ಕೇಳಿ ಇಟ್ಟ. ಹಿಂದಿದ್ದವಳಿಗೆ ಗಾಡಿಗಳ ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ.

“ಯಾವ ಆಸ್ಪತ್ರೆಯಪ್ಪ?” ಎಂದು ದತ್ತಾತ್ರೇಯರು ತೆಲುಗಿನಲ್ಲೇ ಕೇಳಿದರು.

“ಆಸ್ಪತ್ರೆ ಎಲ್ಲಿಯದು ಸಾರ್. ಇಮ್ಲಿಬನ್ ಬಸ್ ಸ್ಟ್ಯಾಂಡಿಗೆ ಬಿಡು ಅಂದಿದ್ದಾರೆ ಮ್ಯಾನೇಜರು. ನಾಲ್ಕು ಗಂಟೆಗೆ ಸುರಪುರದ ಬಸ್ಸಿದೆಯಂತೆ. ಹಿಂದಿನ ಸೀಟಿನಲ್ಲಿ ಮಲಗಿಸಿ ಬಾ ಅಂದರು. ಕಂಡಕ್ಟರ್ ಒಪ್ಪದಿದ್ದರೆ ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ.” ಅವನು ಹಾರ್ನ್ ಹೊಡೆದು ಒಂದು ಆಟೋವನ್ನು ಹಿಂದಿಕ್ಕಿದ. “ಇವರು ನಿಮ್ಮ ಕಡೆಯವರಾ ಸಾರ್?”

ಹೆಬ್ಬೆಟ್ಟಿನ ಕಾಗದ ದತ್ತಾತ್ರೇಯರ ಚೀಲದಲ್ಲಿತ್ತು. ಈಗಲೇ ಜೀಪು ನಿಲ್ಲಿಸಿ, ಅದನ್ನು ಹರಿದು, ಇವರನ್ನು ಯಾವುದಾದರೂ ದವಾಖಾನೆಯ ಬಾಗಿಲಿಗೆ ಒಯ್ದು, ಇವನು ಸೈಟಿನಲ್ಲೇ ಬಿದ್ದಿದ್ದಾನೆ, ನಾನು ಸರ್ಕಾರಿ ನೌಕರ, ನಾನು ಬರೆದುಕೊಡುತ್ತೇನೆ ಎನ್ನಬಹುದಿತ್ತು. ಆ ಸಾಲು ಬರೆಯಲು ಅರ್ಧ ನಿಮಿಷ ಸಾಕು. ಹಾಗೆ ಮಾಡಬಹುದೆಂದು ಅವರಿಗೆ ಸ್ಪಷ್ಟವಾಗಿ ಹೊಳೆಯಿತು. ಮಾಡಿದರೆ ನಾಳೆ ಹನ್ನೊಂದನೆಯ ಪ್ರಶ್ನೆಗೆ ಏನು ಬರೆಯಬೇಕಾಗುತ್ತದೆ ಎನ್ನುವುದೂ ಹೊಳೆಯಿತು. ಅಷ್ಟರಲ್ಲಿ ನಾಂಪಲ್ಲಿ ಬಂತು.

“ನನ್ನನ್ನು ಇಲ್ಲೇ ಇಳಿಸಿಬಿಡು,” ಎಂದರು.

ಅವರು ಇಳಿದು ಚೀಲವನ್ನು ಹೆಗಲಿಗೆ ಹಾಕಿಕೊಳ್ಳುವಾಗ ಬಸಲಿಂಗಮ್ಮ ಹಿಂದಿನಿಂದ ಕತ್ತು ಚಾಚಿದಳು.

“ಅಣ್ಣಾರ, ದವಾಖಾನಿ ಇನ್ನ ಎಷ್ಟು ದೂರ ಐತ್ರಿ?”

“ಹತ್ರ ಬಂತು ತಂಗಿ,” ಎಂದರು ದತ್ತಾತ್ರೇಯರು.

ಜೀಪು ಹೊರಟಿತು. ಅವಳು ಬಗ್ಗಿ ಗಂಡನ ಕಿವಿಯಲ್ಲಿ ಅದನ್ನು ಹೇಳುತ್ತಿರುವುದು ಸಿಗ್ನಲ್ಲಿನವರೆಗೂ ಕಾಣುತ್ತಿತ್ತು.